ಕಡಲಂಚಿನ ಕಠಿಣ ಟ್ರೇಲ್ ಓಟ: ಇಳಿತದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಬೆಟ್ಟದ ಟ್ರೇಲ್‌ನಲ್ಲಿ ನಿಧಾನವಾದರೆ ತಡವಾಗಿ ತಲುಪುತ್ತೀರಿ. ಕಡಲಂಚಿನ ಟ್ರೇಲ್‌ನಲ್ಲಿ ನಿಧಾನವಾದರೆ ಮುಂದಿನ ದಾರಿಯೇ ನೀರಿನಡಿ ಹೋಗಿರಬಹುದು, ಬಂದ ದಾರಿಯೂ ಮುಚ್ಚಿಹೋಗಿರಬಹುದು. ಹಾಗಾಗಿ ಇಲ್ಲಿ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದನ್ನು ನಿಮ್ಮ ಅಲಾರಾಂ ನಿರ್ಧರಿಸುವುದಿಲ್ಲ, ಸಮುದ್ರದ ಉಬ್ಬರ-ಇಳಿತ ನಿರ್ಧರಿಸುತ್ತದೆ. ಫಿಟ್‌ನೆಸ್, ಶೂ, ಚೀಲ ಎಲ್ಲವೂ ಬೇಕು, ಆದರೆ ಈ ಲೆಕ್ಕ ತಪ್ಪಿದರೆ ಅವು ಯಾವುವೂ ಕೈಹಿಡಿಯುವುದಿಲ್ಲ.

ನೀರಿನ ಲೆಕ್ಕ

ಬಹುತೇಕ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅಗಲವಾಗಿ ಹರಡಿಕೊಂಡಿದ್ದ ಬೀಚ್ ಈ ಭಾನುವಾರ ಅದೇ ಹೊತ್ತಿಗೆ ಪೂರ್ತಿ ಮುಳುಗಿರುವುದು ಸಹಜ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನಗಳಲ್ಲಿ ನೀರು ಅತಿ ಹೆಚ್ಚು ಏರಿ ಅತಿ ಕೆಳಗೆ ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಅಮಾವಾಸ್ಯೆ-ಹುಣ್ಣಿಮೆಯ ಇಳಿತದಲ್ಲಿ ಬೇರೆ ದಿನ ಸಿಗದ ಮರಳದಾರಿ ತೆರೆದುಕೊಳ್ಳುತ್ತದೆ ನಿಜ, ಆದರೆ ಅದು ಮುಚ್ಚಿಕೊಳ್ಳುವುದೂ ಅಷ್ಟೇ ವೇಗವಾಗಿ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಅಂದಾಜಿಗೆ ಹನ್ನೆರಡರ ಲೆಕ್ಕ ಬಳಸುತ್ತಾರೆ: ಇಳಿತದಿಂದ ಉಬ್ಬರಕ್ಕೆ ಏರುವ ಆರು ಗಂಟೆಗಳಲ್ಲಿ ಮೊದಲ ಗಂಟೆ ಒಟ್ಟು ಏರಿಕೆಯ ಹನ್ನೆರಡನೇ ಒಂದು ಭಾಗ, ಎರಡನೇ ಗಂಟೆ ಎರಡು ಭಾಗ, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ ಮೂರು ಮೂರು ಭಾಗ, ಐದನೆಯದರಲ್ಲಿ ಎರಡು, ಆರನೆಯದರಲ್ಲಿ ಒಂದು. ಒಟ್ಟು ಏರಿಳಿತ 3.6 ಮೀಟರ್ ಇದ್ದರೆ ಮೊದಲ ಗಂಟೆ ಏರುವುದು 30 ಸೆಂ.ಮೀ. ಮಾತ್ರ, ಮೂರನೇ ಗಂಟೆ 90 ಸೆಂ.ಮೀ. ಐವತ್ತು ಮೀಟರ್‌ಗೆ ಒಂದು ಮೀಟರ್ ಇಳಿಜಾರಿರುವ ಬೀಚ್‌ನಲ್ಲಿ ಆ 90 ಸೆಂ.ಮೀ. ಅಂದರೆ ನೀರಂಚು ಒಂದೇ ಗಂಟೆಯಲ್ಲಿ 45 ಮೀಟರ್ ಒಳಕ್ಕೆ ಬಂತು ಎಂದರ್ಥ. ಮೊದಲ ಗಂಟೆ ಏನೂ ಆಗದಂತೆ ಕಂಡು ಓಟಗಾರರು ನಿರಾಳವಾಗುತ್ತಾರೆ, ಸಿಕ್ಕಿಬೀಳುವುದು ಮೂರನೇ ಗಂಟೆಯಲ್ಲಿ. ಕೆಲವು ಕೊಲ್ಲಿಗಳಲ್ಲಿ, ಅಳಿವೆಗಳಲ್ಲಿ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಆ ಜಾಗದ ಉಬ್ಬರ-ಇಳಿತದ ಸಮಯ ಕೊಡುವ ಕೋಷ್ಟಕವನ್ನೇ ನೋಡಬೇಕು.

ಕೋಷ್ಟಕ ನೋಡುವಾಗ ಮೂರು ಕಡೆ ಎಡವುತ್ತಾರೆ. ಒಂದು, ಕೋಷ್ಟಕ ಹತ್ತಿರದ ಬಂದರಿನದು, ನಿಮ್ಮ ಬೀಚ್‌ನ ಸಮಯಕ್ಕೂ ಅದಕ್ಕೂ ವ್ಯತ್ಯಾಸವಿರಬಹುದು. ಎರಡು, ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಕೋಷ್ಟಕಗಳು ಆ ಬದಲಾವಣೆಯನ್ನು ಸೇರಿಸಿರುವುದಿಲ್ಲ. ಮೂರು, ಕೋಷ್ಟಕಕ್ಕೆ ಹವಾಮಾನ ಗೊತ್ತಿಲ್ಲ. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರಮಟ್ಟ ಸುಮಾರು 1 ಸೆಂ.ಮೀ. ಏರುತ್ತದೆ. ವಾಯುಭಾರ ಕುಸಿತದ ದಿನ 20 ಸೆಂ.ಮೀ. ಹೆಚ್ಚು ನೀರು ಇರುವುದು ದೊಡ್ಡ ಸಂಗತಿಯಲ್ಲ, ದಡದ ಕಡೆಗೆ ಬೀಸುವ ಗಾಳಿ ಸೇರಿದರೆ ಇನ್ನೂ ಹೆಚ್ಚು.

ಈಗ ಹೊರಡುವ ಸಮಯ. ನಕಾಶೆಯಲ್ಲಿ ಇಡೀ ದಾರಿಯ ಅತಿ ಇಕ್ಕಟ್ಟಿನ ಜಾಗ ಹುಡುಕಿ: ಒಂದು ಕಡೆ ಕಡಿದಾದ ಬಂಡೆಗೋಡೆ, ಇನ್ನೊಂದು ಕಡೆ ನೀರು, ಮಧ್ಯೆ ಮೇಲೇರುವ ದಾರಿಯಿಲ್ಲದ ಮರಳು. ಉದಾಹರಣೆಗೆ ಆ ಜಾಗ ಆರಂಭದಿಂದ 14 ಕಿ.ಮೀ. ದೂರದಲ್ಲಿದೆ, ಅಲ್ಲಿವರೆಗೆ ಒಟ್ಟು ಏರಿಕೆ 450 ಮೀಟರ್, ಆ ದಿನ ಇಳಿತ 10:40ಕ್ಕೆ ಎಂದಿಟ್ಟುಕೊಳ್ಳಿ. ಪ್ರತಿ 100 ಮೀಟರ್ ಏರಿಕೆಯನ್ನು 1 ಕಿ.ಮೀ. ಸಮತಟ್ಟು ಓಟಕ್ಕೆ ಸಮ ಎಂದು ಹಿಡಿದರೆ 14 ಕಿ.ಮೀ. ಎಂಬುದು 18.5 ಆಗುತ್ತದೆ. ಸಮತಟ್ಟಿನಲ್ಲಿ ಕಿ.ಮೀ.ಗೆ 7 ನಿಮಿಷ ಆರಾಮಾಗಿ ಓಡುವವರಿಗೆ ಸುಮಾರು 2 ಗಂಟೆ 10 ನಿಮಿಷ, ನಿಲುಗಡೆಗೆ ಇನ್ನೊಂದು ಕಾಲು ಗಂಟೆ. ಆ ಜಾಗವನ್ನು ದಾಟಬೇಕಾದದ್ದು ಇಳಿತಕ್ಕೆ ಸರಿಯಾಗಿ ಅಲ್ಲ, ಅದಕ್ಕಿಂತ ಒಂದು ಗಂಟೆ ಮೊದಲು, ನೀರು ಇನ್ನೂ ಹಿಂದೆ ಸರಿಯುತ್ತಿರುವಾಗ. ಅಂದರೆ 9:40ಕ್ಕೆ ಅಲ್ಲಿರಬೇಕು, 7:15ಕ್ಕೆ ಹೊರಡಬೇಕು. ಹೀಗೆ ಮಾಡಿದರೆ ಒಂದು ಗಂಟೆ ತಡವಾದರೂ ನೀರು ಅತಿ ಕೆಳಗಿರುವ ಹೊತ್ತಿಗೇ ತಲುಪುತ್ತೀರಿ. ಇದರ ಜೊತೆಗೆ ಒಂದು ಕೊನೆಯ ಗಡುವು ಬರೆದಿಟ್ಟುಕೊಳ್ಳಿ, ಈ ಉದಾಹರಣೆಯಲ್ಲಿ 11:10. ಅದು ಮೀರಿದರೆ ಬೀಚ್‌ಗೆ ಇಳಿಯುವಂತಿಲ್ಲ, ಮೇಲಿನ ದಾರಿ ಹಿಡಿಯಬೇಕು, ಮೇಲಿನ ದಾರಿ ಇಲ್ಲದಿದ್ದರೆ ವಾಪಸ್. ಗಡುವನ್ನು ಮನೆಯಲ್ಲೇ ನಿರ್ಧರಿಸಿ. ದಣಿದ ತಲೆ ಮರಳಿನ ಮೇಲೆ ನಿಂತು ಮಾಡುವ ಲೆಕ್ಕ ಯಾವಾಗಲೂ ತನಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಪ್ರತಿ ಬೀಚ್‌ನಿಂದ ಮೇಲೇರುವ ಮೆಟ್ಟಿಲು, ಕಾಲುದಾರಿ ಎಲ್ಲೆಲ್ಲಿವೆ ಎಂದು ಗುರುತು ಹಾಕಿ. ಎರಡು ನಿರ್ಗಮನಗಳ ನಡುವೆ ಒಂದೂವರೆ ಕಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ಆ ತುಂಡಿಗೆ ನಡಿಗೆಯ ವೇಗದಲ್ಲಿ ಸಮಯ ಲೆಕ್ಕ ಹಾಕಿ. ಕಾಲು ಉಳುಕಿದರೆ ನಡಿಗೆಯೇ ಗತಿ.

ಸಮುದ್ರಮಟ್ಟದಲ್ಲೂ ಬೆಟ್ಟ

ಕಡಲಂಚಿನ ದಾರಿ ಸಮತಟ್ಟು ಎಂಬ ಕಲ್ಪನೆ ಬೇಗ ಕರಗುತ್ತದೆ. ಕಡಲಿಗೆ ಬಂದು ಸೇರುವ ಪ್ರತಿ ಹಳ್ಳವೂ ಬಂಡೆಸಾಲನ್ನು ಕೊರೆದು ಕಣಿವೆ ಮಾಡಿರುತ್ತದೆ, ದಾರಿ ಪ್ರತಿ ಸಲ ಕೆಳಗಿಳಿದು ಮತ್ತೆ ಮೇಲೇರುತ್ತದೆ. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಸುಮಾರು 1,014 ಕಿ.ಮೀ. ಉದ್ದ, ಅದರ ಒಟ್ಟು ಏರಿಕೆ ಸುಮಾರು 35,000 ಮೀಟರ್. ಎವರೆಸ್ಟ್ ಎತ್ತರದ ನಾಲ್ಕು ಪಟ್ಟಿನಷ್ಟು, ಆದರೆ ದಾರಿಯ ಯಾವ ಬಿಂದುವೂ ದೊಡ್ಡ ಶಿಖರವಲ್ಲ. ಇಂಥ ದಾರಿಯಲ್ಲಿ 60-100 ಮೀಟರ್‌ನ ಗಿಡ್ಡ, ಕಡಿದಾದ ಏರುಗಳು ಹತ್ತಾರು ಸಲ ಬರುತ್ತವೆ. ಪ್ರತಿಯೊಂದೂ ಚಿಕ್ಕದಾಗಿ ಕಾಣುವುದರಿಂದ ಎಲ್ಲವನ್ನೂ ಓಡಿಯೇ ಹತ್ತುವ ಆಸೆಯಾಗುತ್ತದೆ. ಮೊದಲ ಏರಿನಿಂದಲೇ ನಡೆಯಿರಿ, ಕೈಯನ್ನು ಮೊಣಕಾಲಿನ ಮೇಲಿನ ತೊಡೆಗೆ ಒತ್ತಿ ಹೆಜ್ಜೆ ಹಾಕಿ. ಮಾತಾಡಲಾಗದಷ್ಟು ಏದುಸಿರು ಬಂದರೆ ಜೋರಾಯಿತು.

ಮೆಟ್ಟಿಲುಗಳ ಬಗ್ಗೆ ಒಂದು ಮಾತು. ಮಣ್ಣಿಗೆ ಅಡ್ಡಲಾಗಿ ಹಲಗೆ ಹೊಡೆದು ಮಾಡಿದ ಮೆಟ್ಟಿಲುಗಳಲ್ಲಿ ಹಲಗೆಯ ಹಿಂದಿನ ಮಣ್ಣು ಮಳೆಗೆ ಕೊಚ್ಚಿಹೋಗಿ, ಹಲಗೆ ಮಾತ್ರ ಐದಾರು ಇಂಚು ಎದ್ದು ನಿಂತಿರುತ್ತದೆ. ಹತ್ತುವಾಗಲೂ ಇಳಿಯುವಾಗಲೂ ಅದಕ್ಕೆ ಬೆರಳ ತುದಿ ತಾಗಿ ಮುಗ್ಗರಿಸುವುದು ತೀರಾ ಸಾಮಾನ್ಯ. ಹಲಗೆಯ ಮೇಲಂಚು ಒದ್ದೆಯಾಗಿದ್ದರೆ ಸೋಪಿನಂತೆ ಜಾರುತ್ತದೆ. ಇಳಿಯುವಾಗ ಪಾದವನ್ನು ಹಲಗೆಯ ಹಿಂದಿನ ಮಣ್ಣಿನಲ್ಲಿ ಇಟ್ಟು, ಮುಂದಿನ ಹೆಜ್ಜೆಯನ್ನು ಹಲಗೆಯ ಮೇಲಿಂದ ಚೆನ್ನಾಗಿ ಎತ್ತಿ ದಾಟಿಸಿ. ಮೆಟ್ಟಿಲಿನ ಎತ್ತರ ಒಂದರಂತೆ ಇನ್ನೊಂದಿರುವುದಿಲ್ಲ, ಲಯವನ್ನು ನಂಬಬೇಡಿ, ಕಣ್ಣನ್ನು ನಂಬಿ.

ಎಂಟರಿಂದ ಹತ್ತು ವಾರ ತಯಾರಿ ಇರಲಿ. ವಾರಕ್ಕೊಮ್ಮೆ ಮೆಟ್ಟಿಲು ಅಥವಾ ಕಡಿದಾದ ಏರು: 2 ನಿಮಿಷ ಹತ್ತಿ, ಹಗುರವಾಗಿ ಇಳಿದು, ಆರು ಸಲದಿಂದ ಶುರುಮಾಡಿ ಹತ್ತರವರೆಗೆ. ವಾರಕ್ಕೆರಡು ಸಲ ಒಂಟಿಕಾಲಿನಲ್ಲಿ ಹಿಮ್ಮಡಿ ಎತ್ತುವ ವ್ಯಾಯಾಮ, ಮೊಣಕಾಲು ನೆಟ್ಟಗಿಟ್ಟು 12, ಸ್ವಲ್ಪ ಬಗ್ಗಿಸಿ 12, ಮೂರು ಸುತ್ತು. ತೊಡೆ ಹಿಡಿದುಕೊಳ್ಳುವುದು ಹೆಚ್ಚಾಗಿ ಇಳಿಜಾರಿನಿಂದ, ಅದಕ್ಕೆ ಇಳಿಜಾರು ಓಟವೇ ಮದ್ದು. ಕೊನೆಯ ಜೋರಾದ ಇಳಿಜಾರು ಅಭ್ಯಾಸ ಓಟದ ದಿನಕ್ಕೆ ಹತ್ತು ಹನ್ನೆರಡು ದಿನ ಮೊದಲೇ ಮುಗಿದಿರಲಿ.

ಕಾಲಿಗೆ ಏನು, ಬೆನ್ನಿಗೆ ಏನು

ಶೂ ತಳದ ಗುಬ್ಬಿಗಳು 4-5 ಮಿ.ಮೀ. ಇದ್ದರೆ ಹುಲ್ಲಿಗೂ ಮಣ್ಣಿಗೂ ಸಾಕು. ಅದಕ್ಕಿಂತ ಮುಖ್ಯ ರಬ್ಬರಿನ ಗುಣ. ಗಟ್ಟಿ ರಬ್ಬರು ಹೆಚ್ಚು ಬಾಳಿಕೆ ಬರುತ್ತದೆ, ಒದ್ದೆ ಬಂಡೆಯ ಮೇಲೆ ಮಾತ್ರ ಕೈಕೊಡುತ್ತದೆ. ಮೆತ್ತಗಿನ, ಅಂಟುವ ಗುಣದ ರಬ್ಬರೇ ಇರಲಿ. ಜಲನಿರೋಧಕ ಶೂ ಬೇಡ: ಅಲೆ ಮೇಲಿಂದ ಒಳಗೆ ಬರುತ್ತದೆ, ಬಂದ ನೀರು ಹೊರಗೆ ಹೋಗುವುದಿಲ್ಲ. ಜಾಲರಿಯ ಮೇಲ್ಭಾಗದ ಶೂ ನಾಲ್ಕು ಹೆಜ್ಜೆಯಲ್ಲಿ ನೀರು ಹಿಂಡಿಬಿಡುತ್ತದೆ. ಜಾಲರಿ ತೀರಾ ಅಗಲವಾಗಿದ್ದರೆ ಸಣ್ಣ ಮರಳು ಒಳಬಂದು ಬೆರಳ ತುದಿಗೆ ಸೇರಿ ಉಗುರು ಒತ್ತುತ್ತದೆ. ಮೇಲಿನಿಂದ ಬರುವ ಮರಳಿಗೆ ಶೂ ಬಾಯಿಯನ್ನು ಮುಚ್ಚುವ ಬಟ್ಟೆಯ ಪಟ್ಟಿ, ಅಂದರೆ ಗೇಟರ್, ತಡೆ. ಶೂ ಒಳಗೆ ಮರಳು ಸೇರಿದೆ ಅನ್ನಿಸಿದ ಕೂಡಲೇ ನಿಂತು ತೆಗೆಯಿರಿ. ಎರಡು ನಿಮಿಷ ಉಳಿಸಲು ಹೋಗಿ ಒದ್ದೆ ಚರ್ಮ, ಉಪ್ಪು, ಮರಳು ಮೂರೂ ಸೇರಿದರೆ ಮುಂದಿನ ಐದು ಕಿ.ಮೀ.ನಲ್ಲಿ ಬೊಬ್ಬೆ ಖಚಿತ. ಒಂದು ಜೊತೆ ಒಣ ಕಾಲುಚೀಲ ಪ್ಲಾಸ್ಟಿಕ್ ಚೀಲದಲ್ಲಿರಲಿ.

ಬೆನ್ನಚೀಲದಲ್ಲಿ ಗಾಳಿತಡೆ ಜಾಕೆಟ್, ಫಾಯಿಲ್ ಹೊದಿಕೆ, ಸೀಟಿ, ತಲೆದೀಪ, ಒಂದು ಅಗಲ ಬ್ಯಾಂಡೇಜು, ಜಲನಿರೋಧಕ ಚೀಲದಲ್ಲಿ ಫೋನು. ಫೋನಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ನಕಾಶೆ ಇರಬೇಕು. ಬಂಡೆಗೋಡೆಯ ಬುಡದಲ್ಲಿ ಅರ್ಧ ಆಕಾಶವೇ ಮರೆಯಾಗುವುದರಿಂದ ಸಿಗ್ನಲ್ ಸಿಗುವುದು ಕಷ್ಟ, ಗಡಿಯಾರದ ಜಿಪಿಎಸ್ ಕೂಡ ದಾರಿತಪ್ಪುತ್ತದೆ. ಅಲ್ಲಿ ಗಡಿಯಾರ ತೋರಿಸುವ ವೇಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕಣ್ಣಿಗೆ ಕಾಣುವ ಹೆಗ್ಗುರುತು ನೋಡಿ. ಯಾವ ದಾರಿ, ಎಷ್ಟು ಹೊತ್ತಿಗೆ ಮುಗಿಸುತ್ತೀರಿ, ಎಷ್ಟು ಹೊತ್ತಾದರೂ ಸುದ್ದಿ ಬರದಿದ್ದರೆ ರಕ್ಷಣಾ ಪಡೆಗೆ ತಿಳಿಸಬೇಕು ಅನ್ನುವುದನ್ನು ಮನೆಯವರಿಗೆ ಬರೆದುಕೊಟ್ಟು ಹೊರಡಿ.

ಮರಳಿನ ಮೇಲೆ

ಒಣ, ಸಡಿಲ ಮರಳಿನಲ್ಲಿ ಅದೇ ವೇಗದಲ್ಲಿ ಓಡಲು ಗಟ್ಟಿ ನೆಲಕ್ಕಿಂತ ಸುಮಾರು 1.6 ಪಟ್ಟು ಶಕ್ತಿ ಬೇಕು. ಪಾದ ಒತ್ತಿದಾಗ ಮರಳು ಹಿಂದಕ್ಕೆ ಸರಿಯುತ್ತದೆ, ನೀವು ಹಾಕಿದ ಬಲದ ಒಂದು ಪಾಲು ಮರಳನ್ನು ಸರಿಸುವುದಕ್ಕೇ ಖರ್ಚು. ಆದ್ದರಿಂದ ವೇಗವನ್ನು ಮರೆತು ಉಸಿರಾಟವನ್ನು ನೋಡಿಕೊಳ್ಳಿ. ಹೆಜ್ಜೆ ಗಿಡ್ಡ, ಬೇಗಬೇಗ, ಪಾದ ಅಗಲವಾಗಿ ಊರಲಿ. ಬೆರಳಿನಿಂದ ತಳ್ಳಿದಷ್ಟೂ ಹೂತುಹೋಗುತ್ತೀರಿ, ಮೀನಖಂಡಕ್ಕೂ ಹಿಮ್ಮಡಿಯ ಸ್ನಾಯುರಜ್ಜುವಿಗೂ ಏಟು.

ಓಡಬೇಕಾದ ಪಟ್ಟಿ ಯಾವುದು? ನೀರು ಸರಿದು ಸ್ವಲ್ಪ ಹೊತ್ತಾದ, ಇನ್ನೂ ಒದ್ದೆಯಿರುವ, ಆದರೆ ಹೊಳೆಯದ ಮರಳು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದರಲ್ಲಿ ನೀರು ತುಂಬಿದೆ, ಕಾಲಿಟ್ಟರೆ ಕುಸಿಯುತ್ತದೆ. ಬಣ್ಣ ತಿಳಿಯಾಗಿದ್ದರೆ ಒಣಗಿ ಸಡಿಲವಾಗಿದೆ. ಎರಡರ ನಡುವಿನ ಗಾಢಬಣ್ಣದ, ಮಂಕಾದ ಪಟ್ಟಿಯೇ ಗಟ್ಟಿ. ಹೆಜ್ಜೆಗುರುತು ಅರ್ಧ ಇಂಚಿಗಿಂತ ಆಳವಾಗುತ್ತಿದ್ದರೆ ಎರಡು ಮೀಟರ್ ಆಚೀಚೆ ಸರಿದು ನೋಡಿ. ನೀರಿನಂಚಿನ ಇಳಿಜಾರಿನಲ್ಲಿ ಉದ್ದಕ್ಕೆ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿರುತ್ತದೆ, ಮೊಣಕಾಲಿನ ಹೊರಬದಿ, ಸೊಂಟ ನೋಯತೊಡಗುತ್ತವೆ. ಉದ್ದನೆಯ ಬೀಚ್‌ಗಳಲ್ಲಿ ಇಳಿಜಾರು ಕಡಿಮೆಯಿರುವ ಪಟ್ಟಿಗೆ ಆಗಾಗ ಸರಿಯಿರಿ.

ಗುಂಡುಕಲ್ಲಿನ ದಂಡೆಯಲ್ಲಿ ಓಡುವ ಹಟ ಬೇಡ, ನಡೆಯಿರಿ. ಮುಷ್ಟಿಗಾತ್ರದ ಕಲ್ಲುಗಳು ಪಾದದಡಿ ಉರುಳುತ್ತವೆ, ಗಿಣ್ಣು ತಿರುಚಿಕೊಳ್ಳುವುದು ಅಲ್ಲೇ.

ಬಂಡೆ ಮತ್ತು ಅಲೆ

ಬೀಚ್‌ನಿಂದ ಬೀಚ್‌ಗೆ ದಾಟುವಾಗ ಮೂಗಿನಂತೆ ಚಾಚಿದ ಬಂಡೆಗಳನ್ನು ಬಳಸಿ ಹೋಗಬೇಕಾಗುತ್ತದೆ. ಬಣ್ಣ ಓದಲು ಕಲಿಯಿರಿ. ಒಣಗಿದ ಒರಟು ಬಂಡೆ ಒಳ್ಳೆಯ ಹಿಡಿತ ಕೊಡುತ್ತದೆ. ಬಿಳಿ ಚುಕ್ಕಿಯಂತೆ ಅಂಟಿರುವ ಬಾರ್ನಕಲ್ ಚಿಪ್ಪುಗಳ ಮೇಲೆ ಶೂ ಕಚ್ಚಿಕೊಳ್ಳುತ್ತದೆ, ಆದರೆ ಬಿದ್ದರೆ ಅಂಗೈ ಸೀಳುತ್ತದೆ. ಹಸಿರು ಪಾಚಿ ಜಾರುತ್ತದೆ ಎಂದು ಎಲ್ಲರಿಗೂ ಗೊತ್ತು. ಮೋಸ ಮಾಡುವುದು ಕಪ್ಪು ಪೊರೆ: ಬರೀ ಒದ್ದೆ ಕಲ್ಲಿನಂತೆ ಕಾಣುವ ತೆಳು ಪಾಚಿ, ಯಾವ ರಬ್ಬರೂ ಅದರ ಮೇಲೆ ನಿಲ್ಲುವುದಿಲ್ಲ. ಅನುಮಾನವಿದ್ದರೆ ಭಾರ ಹಾಕುವ ಮೊದಲು ಪಾದವನ್ನು ತಿರುಚಿ ನೋಡಿ. ಒದ್ದೆ ಬಂಡೆಯಿಂದ ಒದ್ದೆ ಬಂಡೆಗೆ ಹಾರಬೇಡಿ. ಎರಡು ಕಾಲು, ಎರಡು ಕೈ, ಇವುಗಳಲ್ಲಿ ಮೂರು ಸದಾ ಊರಿರಲಿ. ಊರುಗೋಲು ಬಳಸುವವರು ಇಲ್ಲಿ ಅದನ್ನು ಮಡಚಿ ಚೀಲಕ್ಕೆ ಹಾಕಬೇಕು.

ಬಂಡೆಯ ಮೇಲೆ ಕಾಲಿಡುವ ಮೊದಲು ನೀರಿಗೆ ಬೆನ್ನು ಹಾಕದೆ, ಎತ್ತರದ ಜಾಗದಲ್ಲಿ ನಿಂತು ಅಲೆಗಳನ್ನು ನೋಡಿ. ಅಲೆಗಳು ಗುಂಪುಗುಂಪಾಗಿ ಬರುತ್ತವೆ. ಹಲವು ನಿಮಿಷ ಸಣ್ಣವೇ ಬಂದು, ಆಮೇಲೆ ಮೂರೋ ನಾಲ್ಕೋ ದೊಡ್ಡವು ಒಂದರ ಹಿಂದೊಂದು ಬರುವುದುಂಟು. ಐದು ನಿಮಿಷ ನೋಡಿದರೆ ಸಾಲದು, ಹದಿನೈದು ಇಪ್ಪತ್ತು ನಿಮಿಷ ಬೇಕು. ಸಮಯದ ಲೆಕ್ಕದಲ್ಲಿ ಇದಕ್ಕೂ ಜಾಗವಿಡಿ. ಅಲೆಯ ಎತ್ತರದಷ್ಟೇ ಮುಖ್ಯ ಎರಡು ಅಲೆಗಳ ನಡುವಿನ ಅಂತರ. ಮುನ್ಸೂಚನೆಯಲ್ಲಿ ಅದು 12 ಸೆಕೆಂಡ್ ದಾಟಿದ್ದರೆ ಆ ಅಲೆಗಳು ದೂರದ ಬಿರುಗಾಳಿಯಿಂದ ಹೊರಟು ಬಂದಿರುವ ಸಂಭವ ಹೆಚ್ಚು, ಎತ್ತರ ಕಡಿಮೆ ಕಂಡರೂ ದಡದ ಮೇಲೆ ಬಹಳ ದೂರ ನುಗ್ಗುತ್ತವೆ. ನೀವಿರುವ ಕಡೆ ಗಾಳಿಯೇ ಇಲ್ಲದ ನಿರ್ಮಲ ದಿನದಲ್ಲೂ ಇದು ಆಗುತ್ತದೆ. ನೀರಿನಿಂದ ಎಷ್ಟೋ ಮೇಲಿರುವ ಬಂಡೆ ಒದ್ದೆಯಾಗಿದ್ದರೆ ಅಲ್ಲಿಗೂ ಅಲೆ ಬಂದಿದೆ ಎಂದು ತಿಳಿಯಿರಿ. ಅದರಡಿ ದಾಟುವ ದಾರಿ ಆ ದಿನಕ್ಕೆ ಮುಚ್ಚಿದೆ.

ಪ್ರಪಾತದ ಮೇಲೆ, ಕೆಳಗೆ

ಮೇಲಿನ ದಾರಿಯಲ್ಲಿ ಅಂಚಿನಿಂದ ಕನಿಷ್ಠ 5 ಮೀಟರ್ ಒಳಗಿರಿ. ಅಂಚಿನ ಹುಲ್ಲಿನಡಿ ಏನಿದೆ ಎಂದು ಮೇಲಿಂದ ಕಾಣುವುದಿಲ್ಲ, ಅಲೆ ಬುಡವನ್ನು ಕೊರೆದು ಮೇಲ್ಭಾಗ ಬರೀ ಮಣ್ಣಿನ ಚಾಚಾಗಿ ಉಳಿದಿರಬಹುದು. ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಅದರ ಕಡಲಬದಿಗೆ ಕಾಲಿಡಲೇಬೇಡಿ. ದಾರಿ ಕುಸಿದು ಬೇಲಿ ಒಳಕ್ಕೆ ಸರಿದಿದ್ದರೆ ಹಳೆಯ ನಕಾಶೆ ಇನ್ನೂ ಗಾಳಿಯ ಮೇಲೇ ಗೆರೆ ಎಳೆದು ತೋರಿಸುತ್ತಿರುತ್ತದೆ. ಅಂಥಲ್ಲಿ ಜಿಪಿಎಸ್ ಗೆರೆಯನ್ನಲ್ಲ, ಬೇಲಿಯನ್ನು ಅನುಸರಿಸಿ.

ಕಡಲು ನೋಡಬೇಕೆನಿಸಿದರೆ ನಿಂತು ನೋಡಿ. ಓಡುತ್ತಾ ನೋಡುವುದರಿಂದಲೇ ಎಡವುತ್ತಾರೆ. ಕಣ್ಣು ಮೂರರಿಂದ ಐದು ಮೀಟರ್ ಮುಂದಿನ ನೆಲದ ಮೇಲಿರಲಿ.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ವೇಗ ಎರಡು ಪಟ್ಟಾದರೆ ಹೊಡೆತ ನಾಲ್ಕು ಪಟ್ಟು. ಗಂಟೆಗೆ 60 ಕಿ.ಮೀ. ದಾಟುವ ಗಾಳಿಬೀಸುಗಳ ಮುನ್ಸೂಚನೆ ಇದ್ದರೆ ತೆರೆದ ಅಂಚಿನ ದಾರಿ ಬಿಟ್ಟುಬಿಡಿ. ನೆಲದಿಂದ ಕಡಲಿಗೆ ಬೀಸುವ ಗಾಳಿ ಹೆಚ್ಚು ಅಪಾಯಕಾರಿ, ಅದು ನಿಮ್ಮನ್ನು ಅಂಚಿನ ಕಡೆಗೇ ತಳ್ಳುತ್ತದೆ. ಗಾಳಿಗೆ ವಾಲಿಕೊಂಡು ಓಡುತ್ತಿರುವಾಗ ಗುಡ್ಡದ ಮರೆ ಬಂದು ಗಾಳಿ ಥಟ್ಟನೆ ನಿಂತರೂ ಆಯ ತಪ್ಪುತ್ತದೆ.

ಕೆಳಗಿನ ದಾರಿಯಲ್ಲಿ ಅಪಾಯ ತಲೆಯ ಮೇಲಿದೆ. ಬಂಡೆಗೋಡೆಯ ಬುಡದಲ್ಲಿ ನಿಂತು ತಿನ್ನುವುದು, ಶೂ ಬಿಚ್ಚುವುದು ಬೇಡ. ಜೋರು ಮಳೆಯ ನಂತರದ ದಿನಗಳಲ್ಲಿ ಕಲ್ಲು ಉದುರುವುದು ಹೆಚ್ಚು. ಪಾಚಿಯಿಲ್ಲದ, ಚೂಪು ಅಂಚಿನ, ಬಣ್ಣ ಮಾಸದ ಕಲ್ಲುಗಳು ಮರಳಿನ ಮೇಲೆ ಬಿದ್ದಿದ್ದರೆ ಅವು ಇತ್ತೀಚೆಗೆ ಉದುರಿದವು.

ಅಳಿವೆ ದಾಟುವುದು

ಹೊಳೆ ಕಡಲು ಸೇರುವ ಜಾಗವನ್ನು ಇಳಿತದ ಹೊತ್ತಿಗೇ ದಾಟಬೇಕು. ಅಗಲವಾಗಿ ಹರಡಿ, ಮೇಲ್ಮೈ ಸಣ್ಣಗೆ ಗೆರೆಗೆರೆಯಾಗಿರುವ ಕಡೆ ಆಳ ಕಡಿಮೆ. ಕಿರಿದಾಗಿ, ನುಣುಪಾಗಿ ಹರಿಯುವ ಕಡೆ ಆಳ ಹೆಚ್ಚು. ನೀರು ವೇಗವಾಗಿದ್ದು ಮೊಣಕಾಲು ದಾಟಿದರೆ ಹಿಂತಿರುಗಿ. ಬೆನ್ನಚೀಲದ ಎದೆಯ, ಸೊಂಟದ ಪಟ್ಟಿ ಬಿಚ್ಚಿಕೊಂಡು, ಹರಿವಿಗೆ ಮುಖಮಾಡಿ, ಅಡ್ಡಡ್ಡಲಾಗಿ ಸರಿಯಿರಿ. ಶೂ ತೆಗೆಯಬೇಡಿ.

ಕೆಸರಿನಲ್ಲಿ ಹೂತುಕೊಂಡರೆ ಕಾಲನ್ನು ನೇರ ಮೇಲಕ್ಕೆ ಎಳೆಯಬೇಡಿ. ಒಂದನ್ನು ಎಳೆದಾಗ ಇನ್ನೊಂದರ ಮೇಲೆ ಪೂರ್ತಿ ಭಾರ ಬಿದ್ದು ಅದು ಇನ್ನಷ್ಟು ಇಳಿಯುತ್ತದೆ. ಹಿಂದಕ್ಕೆ ಕುಳಿತು, ಬೆನ್ನು ಒರಗಿಸಿ ಭಾರ ಹರಡಿ, ಒಂದು ಕಾಲನ್ನು ನಿಧಾನವಾಗಿ ಅಲ್ಲಾಡಿಸಿ. ಕಾಲಿನ ಸುತ್ತ ನೀರು ಇಳಿದ ಹಾಗೆ ಹಿಡಿತ ಸಡಿಲವಾಗುತ್ತದೆ.

ಕುಡಿಯುವುದು, ತಿನ್ನುವುದು

ಕಡಲ ಗಾಳಿ ಬೆವರನ್ನು ಆರಿಸಿಬಿಡುವುದರಿಂದ ಎಷ್ಟು ಬೆವರಿದೆವು ಎಂದು ತಿಳಿಯುವುದಿಲ್ಲ. ಗಂಟೆಗೆ 400-800 ಮಿ.ಲೀ. ನೀರು, ಸೆಕೆಗೆ ತಕ್ಕಂತೆ. ಎರಡು ಗಂಟೆ ಮೀರುವ ಓಟಕ್ಕೆ ಗಂಟೆಗೆ 300-600 ಮಿ.ಗ್ರಾಂ. ಸೋಡಿಯಂ, 30-60 ಗ್ರಾಂ ಕಾರ್ಬೊಹೈಡ್ರೇಟ್. ಬಾಯಾರಿಕೆ ಮೀರಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದ ಸೋಡಿಯಂ ಕುಸಿದು ತಲೆನೋವು, ವಾಕರಿಕೆ, ಗೊಂದಲ ಶುರುವಾಗುತ್ತದೆ. ಬೆರಳು ಊದಿದ್ದು, ಓಟದ ನಂತರ ತೂಕ ಹೆಚ್ಚಾಗಿದ್ದು ಅದರ ಸುಳಿವು. ಒಣ ಮರಳು ಅತಿನೇರಳೆ ಕಿರಣದ ಸುಮಾರು 15 ಶೇಕಡವನ್ನು, ಸಮುದ್ರದ ನೊರೆ ಸುಮಾರು 25 ಶೇಕಡವನ್ನು ಪ್ರತಿಫಲಿಸುತ್ತವೆ. ಟೋಪಿ ಇದ್ದರೂ ಗಲ್ಲದಡಿ, ಮೂಗಿನ ಕೆಳಗೆ ಸುಡುವುದು ಅದಕ್ಕೇ. ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ.

ಸಿಕ್ಕಿಕೊಂಡರೆ

ನೀರು ಸುತ್ತುವರಿದರೆ ತಲುಪಬಹುದಾದ ಅತಿ ಎತ್ತರದ, ಬಂಡೆ ಉದುರದ ಜಾಗಕ್ಕೆ ಹೋಗಿ ಅಲ್ಲೇ ಇರಿ. ಮೂಲೆ ಸುತ್ತಿ ಈಜಿ ಹೋಗುವುದು, ಬಂಡೆಗೋಡೆ ಹತ್ತುವುದು ಎರಡೂ ಬೇಡ. ಅರ್ಧ ಹತ್ತಿದ ಮೇಲೆ ಕೆಳಗಿಳಿಯಲೂ ಆಗುವುದಿಲ್ಲ, ಮಣ್ಣು ಬೆರೆತ ಕಡಲಬಂಡೆ ಕೈಯಲ್ಲೇ ಕಿತ್ತುಬರುತ್ತದೆ. ನಿಮ್ಮ ಕರಾವಳಿಯ ರಕ್ಷಣಾ ಪಡೆಯ ಸಂಖ್ಯೆ ಫೋನಿನಲ್ಲಿ ಮೊದಲೇ ಇರಲಿ, ನೀರು ಇನ್ನೂ ದೂರವಿರುವಾಗಲೇ ಕರೆಮಾಡಿ. ಸಿಗ್ನಲ್ ಇಲ್ಲದಿದ್ದರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ಜಾಕೆಟ್ ಹಾಕಿ, ಫಾಯಿಲ್ ಸುತ್ತಿಕೊಳ್ಳಿ. ಒದ್ದೆ ಮೈಗೆ ಗಾಳಿ ತಾಗಿದರೆ ಬೆಚ್ಚಗಿನ ದಿನದಲ್ಲೂ ನಡುಕ ಬರುತ್ತದೆ.

ಅಲೆ ಯಾರನ್ನಾದರೂ ಎಳೆದುಕೊಂಡರೆ ಹಿಂದೆಯೇ ಧುಮುಕಬೇಡಿ. ತೇಲುವ ಏನನ್ನಾದರೂ ಎಸೆಯಿರಿ, ಗಾಳಿ ತುಂಬಿ ಮುಚ್ಚಿದ ನೀರಿನ ಚೀಲವೂ ಆಗುತ್ತದೆ. ಅವರ ಮೇಲಿಂದ ಕಣ್ಣು ತೆಗೆಯದೆ ಸಹಾಯಕ್ಕೆ ಕರೆಯಿರಿ. ನೀರಿನಲ್ಲಿರುವವರು ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಸೆಳೆತಕ್ಕೆ ಎದುರಾಗಿ ಅಲ್ಲ, ದಡಕ್ಕೆ ಸಮಾನಾಂತರವಾಗಿ ಈಜಬೇಕು.

ಓಟ ಮುಗಿದ ದಿನವೇ ಶೂ, ಚೀಲ, ಜಿಪ್ಪು, ತಲೆದೀಪದ ಸಂಪರ್ಕ ಬಿಂದು, ಗಡಿಯಾರದ ಚಾರ್ಜಿಂಗ್ ಪಿನ್ನು ಇವನ್ನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಒಣಗಿ ಕೂತರೆ ಜಿಪ್ಪು ಕಚ್ಚಿಕೊಳ್ಳುತ್ತದೆ, ಲೋಹ ಹಸಿರಾಗುತ್ತದೆ. ಶೂ ಒಳಹಾಸು ತೆಗೆದು ಬೇರೆಯಾಗಿ ತೊಳೆದು, ಒಳಗೆ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ನೇರ ಬಿಸಿಲಿಗೆ ಇಟ್ಟರೆ ತಳದ ಅಂಟು ಬಿಡುತ್ತದೆ.